ಹಬ್ಬದ ಮಾರನೆಯ ದಿನ ಗಂಜಿ ಕೇಳಿದರೆ

ಕಳೆದ ಯುಗಾದಿಗೆ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹೋಳಿಗೆಯೂ ಅದರ ಬೆನ್ನಿಗೇ ಹೊಸತೊಡಕಿನ ಬಾಡೂಟವೂ ಮುಗಿದ ರಾತ್ರಿ, ಒಂದಿಷ್ಟು ಗಂಜಿ ಕಾಯಿಸಿಕೊಡಿ ಎಂದು ದೊಡ್ಡಮ್ಮನನ್ನು ಕೇಳಿದೆ. ಅವರು ಮೊದಲು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ, "ಯಾಕ್ ಮಗ, ನಮ್ಮನೆ ಊಟ ಹಿಡಿಸ್ನಿಲ್ವಾ?" ಎಂದರು. ಆ ಮಾತಿನಲ್ಲಿದ್ದ ನೋವು ಹುಸಿಯದಾಗಿರಲಿಲ್ಲ. ಉಳಿದಿದ್ದ ಸಾರು ಬಿಸಿಯಾಗಿ, ಮುದ್ದೆಯೊಡನೆ ನನ್ನ ತಟ್ಟೆಗೆ ಬಂತು, ನಾನೂ ಉಂಡೆ.

ನಾನು ಇರುವುದು ಜಪಾನಿನ ಯೊಕೊಹಾಮಾದಲ್ಲಿ. ಅಲ್ಲಿ ಹೊಸವರ್ಷದ ಮೊದಲ ಮೂರು ದಿನ ಸಿಹಿ ಹಾಕಿ ಬೇಯಿಸಿದ ಕರಿ ಅವರೆಯಂಥ ಕಾಳು, ಚೆಸ್ಟ್‌ನಟ್ ಹೂರಣ, ಮೀನು, ಅಂಟಕ್ಕಿಯ ಮೋಚಿ, ಜೊತೆಗೆ 'ಸಾಕೆ' ಎಂಬ ಅಕ್ಕಿಮದ್ಯ ಎಂದು ಮನೆಮನೆಯಲ್ಲೂ ಊಟ ಭಾರವಾಗಿರುತ್ತದೆ. ಜನವರಿ 7ರಂದು ಮಾತ್ರ 'ನನಕುಸ ಗಯು' ಎಂಬ, ಏಳು ಬಗೆಯ ಸೊಪ್ಪಿನ ಗಂಜಿ. ಪಕ್ಕದ ಮನೆಯ ಅಜ್ಜಿ ಅದನ್ನು ಮಾಡುವುದನ್ನು ನಿಂತು ನೋಡಿದ್ದೇನೆ. ಅಕ್ಕಿಗೆ ಐದು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಹೆಚ್ಚು ಕದಡದೆ ಬೇಯಲು ಬಿಡುತ್ತಾರೆ. ಟರ್ನಿಪ್, ಮೂಲಂಗಿಗಳ ಎಲೆಯನ್ನೂ ಉಳಿದ ಸೊಪ್ಪುಗಳನ್ನೂ ಬಿಸಿನೀರಿನಲ್ಲಿ ಅದ್ದಿ ತೆಗೆದು, ಸಣ್ಣಗೆ ಹೆಚ್ಚಿ, ಹಸಿರು ಕೆಡದಂತೆ ಕೊನೆಯಲ್ಲಿ ಬೆರೆಸುತ್ತಾರೆ. ಉಪ್ಪಲ್ಲದೆ ಬೇರೆ ಯಾವ ರುಚಿಯೂ ಅದಕ್ಕಿಲ್ಲ. ಶೋಗನ್‌ಗಳು ಆಳುತ್ತಿದ್ದ 'ಎದೋ' ಕಾಲದಲ್ಲಿ (1603–1868) ಐದು ಅಧಿಕೃತ ಹಬ್ಬಗಳಲ್ಲಿ ಒಂದಾಗಿದ್ದ ದಿನವಿದು. 1873ರಲ್ಲಿ ದೇಶ ಪಾಶ್ಚಾತ್ಯ ಪಂಚಾಂಗಕ್ಕೆ ಬದಲಾದದ್ದರಿಂದ, ಕಾಡುಸೊಪ್ಪು ಚಿಗುರುವ ಕಾಲಕ್ಕೆ ಬರುತ್ತಿದ್ದ ಏಳನೆಯ ದಿನ ಈಗ ಕಡುಚಳಿಯಲ್ಲಿ ಬರುತ್ತದೆ. ಹಾಗಾಗಿ ಹಸಿರುಮನೆಯಲ್ಲಿ ಬೆಳೆದ ಏಳೂ ಸೊಪ್ಪು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗಡಿಗೆ ಬರುತ್ತವೆ.

ನನಗೆ ಹೊಟ್ಟೆಕಿಚ್ಚಾಗುವುದು ಆ ಗಂಜಿಯನ್ನು ಕಂಡಲ್ಲ. ಹೊಟ್ಟೆಗೆ ಬಿಡುವು ಕೊಡುವ ದಿನವನ್ನು ಊರಿಗೆ ಊರೇ ಒಪ್ಪಿಕೊಂಡಿರುವುದರಿಂದ, ಅಂದು ಹಗುರಾಗಿ ಉಣ್ಣುವವನು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ನಮ್ಮಲ್ಲಿ ಗಂಜಿ ಕೇಳಿದವನು ರೋಗಿಯಾಗಿರಬೇಕು, ಇಲ್ಲವೇ ಬಡಿಸಿದವರನ್ನು ಅವಮಾನಿಸಿದವನಾಗಿರಬೇಕು. ದೇವರ ಹೆಸರಿನಲ್ಲಿ ಏಕಾದಶಿಯೆಂದೋ ಶಿವರಾತ್ರಿಯೆಂದೋ ದಿನವಿಡೀ ಉಪವಾಸ ಕೂತರೆ ಕೈಮುಗಿಯುವ ಮನೆಯಲ್ಲಿಯೇ, ಸ್ವಂತ ಹೊಟ್ಟೆಯ ಹೆಸರಿನಲ್ಲಿ ಒಂದು ಹೊತ್ತು ಬಿಟ್ಟರೆ ಪಂಚಾಯಿತಿ ಸೇರುತ್ತದೆ. ಅದೂ ಸಾಲದೆಂಬಂತೆ, ಒಬ್ಬಟ್ಟಿನ ಸಾರು ಮರುದಿನವೇ ಹೆಚ್ಚು ರುಚಿ ಎಂಬ ಮಾತು ಬೇರೆ. (ಅದು ನಿಜ ಎಂಬುದೇ ತೊಂದರೆ.)

ಹಾಗೆಂದು ಈ ತಿಳಿವಳಿಕೆ ನಮ್ಮವರಿಗೆ ಹೊಸದೇನೂ ಅಲ್ಲ. ಹೊಟ್ಟೆಯ ಎರಡು ಪಾಲನ್ನು ಅನ್ನದಿಂದ, ಒಂದು ಪಾಲನ್ನು ನೀರಿನಿಂದ ತುಂಬಿ, ನಾಲ್ಕನೆಯ ಪಾಲನ್ನು ಬರಿದಾಗಿಡಬೇಕೆಂದು ಆಯುರ್ವೇದದ ಆಚಾರ್ಯ ವಾಗ್ಭಟನೇ ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ವಾಂತಿ, ಭೇದಿ ಮಾಡಿಸುವ ವಮನ, ವಿರೇಚನಗಳಿಂದ ದೇಹ ಶುದ್ಧಿಯಾದ ಮೇಲೆ ಮೊದಲು ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಅನಂತರ ಬೇಳೆಯ ಕಟ್ಟು, ಹೀಗೆ ಹಂತಹಂತವಾಗಿ ಮಾಮೂಲಿ ಊಟಕ್ಕೆ ಮರಳುವ ಕ್ರಮವನ್ನು ಚರಕಸಂಹಿತೆ ವಿವರಿಸುತ್ತದೆ. ಒಲೆಯ ಬಳಿ ಇರಬೇಕಾಗಿದ್ದ ಈ ಕ್ರಮವನ್ನು ನಾವು ಚಿಕಿತ್ಸಾಲಯಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ಮನೆಯಲ್ಲಿ ಬೇಡವೆನಿಸಿದ ಅದೇ ಗಂಜಿಯನ್ನು ಅಲ್ಲಿ ಹಣ ತೆತ್ತು ಉಣ್ಣುತ್ತೇವೆ.

ಇದನ್ನೆಲ್ಲ ಉಡುಪಿಯ ಸಹೋದ್ಯೋಗಿಯೊಬ್ಬರ ಮುಂದೆ ಹೇಳಿದಾಗ ಅವರು ನಕ್ಕುಬಿಟ್ಟರು. ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ನಂಚಿಕೊಂಡು ಬೆಳೆದವರಿಗೆ ಅದು ರೋಗಿಯ ಊಟವೆಂಬ ಮಾತೇ ವಿಚಿತ್ರ. ದ್ವಾದಶಿಯ ಬೆಳಗ್ಗೆ ಅಗಸೆ ಸೊಪ್ಪು, ನೆಲ್ಲಿಕಾಯಿಗಳ ಪಾರಣೆಯೂ ಬಿಡುವು ಪಡೆದ ಹೊಟ್ಟೆಯನ್ನು ಮೆಲ್ಲಗೆ ಎಬ್ಬಿಸುವ ಉಪಾಯವೇ ಎಂದು ಅವರು ನೆನಪಿಸಿದರು. ಒಪ್ಪಬೇಕಾಯಿತು, ನನ್ನ ದೂರು ಇಡೀ ಕರ್ನಾಟಕದ ಮೇಲಿನದಲ್ಲ, ಬಹುಶಃ ನಮ್ಮ ಸೀಮೆಯ ಮೇಲಿನದು. ಜಪಾನಿನಲ್ಲಿಯೂ ಒತ್ತಾಯವಿಲ್ಲದೆ ಇಲ್ಲ: ಡಿಸೆಂಬರಿನ ವರ್ಷಾಂತ್ಯದ ಕೂಟಗಳಲ್ಲಿ ಹಿರಿಯರು ಲೋಟಕ್ಕೆ ಬಗ್ಗಿಸುತ್ತಿದ್ದರೆ ಬೇಡವೆನ್ನುವುದು ಸುಲಭವಲ್ಲ, ಮತ್ತು ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಹಲವರು ಏಳನೆಯ ತಾರೀಖು ಗಂಜಿಯ ಗೋಜಿಗೇ ಹೋಗುವುದಿಲ್ಲ.

ಆದರೂ ಹೊಸತೊಡಕಿನ ಮರುದಿನಕ್ಕೆ ಹೀಗೊಂದು ವಾಡಿಕೆ ನಮ್ಮಲ್ಲಿಯೂ ಬೇಕೆಂದೇ ನನಗೆ ಅನಿಸುತ್ತದೆ. ಅದಕ್ಕೆ ಏಳು ಸೊಪ್ಪು ಬೇಕಾಗಿಲ್ಲ. ರಾಗಿ ಅಂಬಲಿ, ಮಜ್ಜಿಗೆ, ಕರಿಬೇವು ಸಾಕು. ಮುಂದಿನ ಯುಗಾದಿಗೆ ಹೋದಾಗ ಗಂಜಿ ಬೇಕೆಂದು ಕೇಳುವ ಬದಲು ನಾನೇ ಅಂಬಲಿ ಕಾಯಿಸಿ ಎಲ್ಲರಿಗೂ ಬಡಿಸಬೇಕೆಂದಿದ್ದೇನೆ. ದೊಡ್ಡಮ್ಮ ಕುಡಿದರೆ ಉಳಿದವರೂ ಕುಡಿಯುತ್ತಾರೆ.