ಆ ಅನ್ನಕ್ಕೆ ಯಾರು ಹೊಣೆ?

ಕಳೆದ ವಾರ ನೆಂಟರೊಬ್ಬರ ಮನೆಯ ಬೀಗರೂಟಕ್ಕೆ ಹೋಗಿದ್ದೆ. ಎದುರಿನ ಸಾಲಿನಲ್ಲಿ ದೂರದ ಸಂಬಂಧದ ಅಳಿಯನೊಬ್ಬ ಕುಳಿತಿದ್ದ. ಬೆಂಗಳೂರಿನಲ್ಲಿ ದೊಡ್ಡ ಕೆಲಸ. ನಾನು ಮೇಷ್ಟರಾಗಿದ್ದವನು ಎಂಬುದು ನೆನಪಾಯಿತೋ ಏನೋ, ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಶಾಲೆಯ ಬಿಸಿಯೂಟದ ಮಾತು ತೆಗೆದ. "ಮಾವ, ಹೆತ್ತ ಮಕ್ಕಳಿಗೆ ಮಧ್ಯಾಹ್ನ ಒಂದು ಹೊತ್ತು ಅನ್ನ ಹಾಕುವುದು ಅಪ್ಪ ಅಮ್ಮನ ಕೆಲಸವಲ್ಲವೇ? ಅದೂ ಸರ್ಕಾರದ್ದೇ ಆದರೆ ನಾಳೆ ಮೂಗು ಒರೆಸುವುದಕ್ಕೂ ಒಬ್ಬರನ್ನು ನೇಮಿಸಬೇಕಾಗುತ್ತದೆ." ಪಕ್ಕದವರು ನಕ್ಕರು. ನಾನೂ ನಕ್ಕೆ ಎಂದೇ ಹೇಳಬೇಕು. ಬೀಗರೂಟದ ಪಂಕ್ತಿಯಲ್ಲಿ ಜಗಳ ತೆಗೆಯುವ ವಯಸ್ಸು ನನ್ನದಲ್ಲ. ಅವನ ಕಂಪನಿಯಲ್ಲಿ ಮಧ್ಯಾಹ್ನದ ಊಟ ಉಚಿತ ಎಂಬುದು ಕೈ ತೊಳೆಯುವಾಗ ಅವನ ಬಾಯಿಂದಲೇ ಗೊತ್ತಾಯಿತು.

ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲ.

ಹೌದು, ಅಪ್ಪ ಅಮ್ಮನ ಕೆಲಸವೇ. ನನ್ನ ಶಾಲೆಯ ತಾಯಂದಿರಲ್ಲಿ ಇದನ್ನು ಅಲ್ಲಗಳೆಯುವವರು ಒಬ್ಬರೂ ಸಿಗುವುದಿಲ್ಲ. ಆದರೆ ಗಾರ್ಮೆಂಟ್ ಕಾರ್ಖಾನೆಯ ವ್ಯಾನು ನಮ್ಮ ಊರಿನ ಅರಳಿಕಟ್ಟೆಗೆ ಬರುತ್ತಿದ್ದದ್ದು ಬೆಳಿಗ್ಗೆ ಆರೂವರೆಗೆ. ಅಡಿಕೆ ಸುಲಿಯುವ ಕಾಲ ಬಂದರೆ ಇನ್ನೂ ಕತ್ತಲಿರುವಾಗಲೇ ಹೆಂಗಸರು ಹೊರಟಿರುತ್ತಿದ್ದರು. ಮಕ್ಕಳು ರಾತ್ರಿ ಉಳಿದದ್ದನ್ನು ತಾವೇ ಬಡಿಸಿಕೊಂಡು ಉಂಡು ಶಾಲೆಗೆ ಬರುತ್ತಿದ್ದರು, ಉಳಿದಿದ್ದರೆ. ಬಿಸಿಯೂಟ ಇಲ್ಲದ ಕಾಲದಲ್ಲಿ ಕೆಲವರು ಸ್ಟೀಲು ಡಬ್ಬಿ ತರುತ್ತಿದ್ದರು. ಮಾರ್ಚ್ ತಿಂಗಳಿನಲ್ಲಿ ಒಂದೂವರೆ ಗಂಟೆಗೆ ಆ ಡಬ್ಬಿಗಳ ಮುಚ್ಚಳ ತೆಗೆದರೆ ಹುಳಿಯ ವಾಸನೆ ತರಗತಿಯ ತುಂಬ ಹರಡುತ್ತಿತ್ತು. ಡಬ್ಬಿ ತರದವರು ಅದೇ ಹೊತ್ತಿಗೆ ಎದ್ದು ಬೋರ್‌ವೆಲ್ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನೀರು ಕುಡಿಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಅಡುಗೆಯವರಿಗೆ ಇನ್ನೊಂದು ಲೆಕ್ಕವೂ ತಿಳಿದಿತ್ತು. ಅದು ಯಾವ ಸುತ್ತೋಲೆಯಲ್ಲೂ ಇಲ್ಲ: ಸೋಮವಾರ ಅನ್ನ ಹೆಚ್ಚು ಬೇಕು. ಹಾಜರಾತಿ ಅಷ್ಟೇ ಇದ್ದರೂ ಅಂದು ಕೊಪ್ಪರಿಗೆ ಬೇಗ ಬರಿದಾಗುತ್ತಿತ್ತು. ಭಾನುವಾರ ಹೇಗೆ ಕಳೆಯಿತು ಎಂದು ನಾವು ಮಕ್ಕಳನ್ನು ಕೇಳುತ್ತಿರಲಿಲ್ಲ.

ನನ್ನ ಬಾಲ್ಯದ ಮಾತಿಗೆ ಬರುತ್ತೇನೆ. ಎಪ್ಪತ್ತರ ದಶಕದಲ್ಲಿ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಕೇರ್ ಉಪ್ಪಿಟ್ಟಿನ ರುಚಿ ನೆನಪಿರುತ್ತದೆ. ಕೇರ್ ಎಂಬ ಅಮೆರಿಕದ ಸಂಸ್ಥೆ ಕಳಿಸುತ್ತಿದ್ದ ಗೋಧಿ ರವೆ, ಹಾಲಿನ ಪುಡಿ, ಡಬ್ಬದಲ್ಲಿ ಬರುತ್ತಿದ್ದ ಎಣ್ಣೆ. ಉಪ್ಪಿಟ್ಟನ್ನು ಮುತ್ತುಗದ ಎಲೆಯಲ್ಲಿ ಹಾಕಿಸಿಕೊಂಡು ಬೇವಿನ ಮರದ ಕೆಳಗೆ ಕುಳಿತು ತಿನ್ನುತ್ತಿದ್ದೆವು. ಅಮೆರಿಕ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಲು ಬಾರದಿದ್ದರೂ ಅದರ ಹಾಲಿನ ಪುಡಿ ಅಂಗುಳಿಗೆ ಅಂಟಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು. ನಾನು ಐದನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಶಾಲೆಯಲ್ಲಿ ಉಪ್ಪಿಟ್ಟು ನಿಂತುಹೋಯಿತು. ಏಕೆ ಎಂದು ಮೇಷ್ಟರನ್ನು ಕೇಳಿದೆವು. "ಮೂಟೆ ಬಂದಿಲ್ಲ" ಎಂದರು. ಮತ್ತೆ ಬರಲೇ ಇಲ್ಲ. ಯಾರ ಮೇಲೂ ದೂರು ಹೇಳುವಂತಿರಲಿಲ್ಲ, ಏಕೆಂದರೆ ಅದು ಕೊಡುಗೆ. ಕೊಟ್ಟವರಿಗೆ ನಿಲ್ಲಿಸುವ ಹಕ್ಕೂ ಇತ್ತು.

ಪ್ರೌಢಶಾಲೆಗೆ ಅಪ್ಪ ನನ್ನನ್ನು ಮಠಕ್ಕೆ ಸೇರಿಸಿದರು. ತುಮಕೂರು ಸೀಮೆಯ ನನ್ನ ವಯಸ್ಸಿನವರಲ್ಲಿ ಮಠದ ಅನ್ನ ಉಂಡು ಓದಿದವರು ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕೂ ಹಿಂದಿನ ತಲೆಮಾರು ವಾರಾನ್ನ ಮಾಡಿಕೊಂಡು ಓದಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಾನ್ನಕ್ಕೆ ಯಾರ ಮನೆಯ ಬಾಗಿಲು ಯಾವ ಜಾತಿಯ ಹುಡುಗನಿಗೆ ತೆರೆಯುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಠಗಳು ಆ ಬಾಗಿಲನ್ನು ಎಷ್ಟೋ ಅಗಲ ಮಾಡಿದವು. ಉಂಡ ಮನೆಯ ಜಂತೆ ಎಣಿಸುವವನಲ್ಲ ನಾನು. ಆದರೂ ಒಂದು ಮಾತು ಹೇಳಲೇಬೇಕು. ಮಠದ ಅನ್ನ ಉಣ್ಣಲು ಹನ್ನೆರಡು ಹದಿಮೂರು ವರ್ಷದ ಹುಡುಗ ಮನೆ ಬಿಡಬೇಕಿತ್ತು. ನನ್ನ ತಂಗಿ ಮನೆಯಲ್ಲೇ ಉಳಿದಳು, ಏಳನೇ ತರಗತಿಗೆ ಅವಳ ಓದು ಮುಗಿಯಿತು.

ಪಕ್ಕದ ತಮಿಳುನಾಡಿನಲ್ಲಿ ಮುಖ್ಯಮಂತ್ರಿ ಕಾಮರಾಜರು 1956ರಲ್ಲೇ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭಿಸಿದ್ದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ದೊಡ್ಡದಾಗಿ ಹಬ್ಬಿಸಿದರು. ದೇಶದ ಯೋಜನೆ ಬಂದದ್ದು 1995ರ ಆಗಸ್ಟ್ 15ಕ್ಕೆ. ಅದೂ ಬೇಯಿಸಿದ ಊಟವಲ್ಲ. ಹಾಜರಾತಿ ನೋಡಿ ತಿಂಗಳಿಗೆ 3 ಕಿಲೋ ಧಾನ್ಯ. ನಾನೇ ಅಳೆದು ಕೊಟ್ಟಿದ್ದೇನೆ. ಮಗುವಿನ ಹೆಸರಿನ ಅಕ್ಕಿ ಮನೆಗೆ ಹೋಗಿ ಮನೆಯವರೆಲ್ಲರ ಅಕ್ಕಿಯಾಗುತ್ತಿತ್ತು. ಅದು ತಪ್ಪೇನೂ ಅಲ್ಲ, ಆದರೆ ಮಧ್ಯಾಹ್ನ ಒಂದೂವರೆಯ ಹಸಿವು ಹಾಗೆಯೇ ಉಳಿಯುತ್ತಿತ್ತು.

2001ರಲ್ಲಿ ರಾಜಸ್ಥಾನದಲ್ಲಿ ಬರ. ಅದೇ ಹೊತ್ತಿಗೆ ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಿ ಎಂದು ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಆದೇಶಿಸಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ 2002ರಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಎಲ್ಲೆಡೆ ಬಂತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆ ಊಟಕ್ಕೆ ಕಾನೂನಿನ ಬಲ ಕೊಟ್ಟಿತು. ಎಂಟನೇ ತರಗತಿಯವರೆಗೆ ಕಾನೂನು ಹೇಳುತ್ತದೆ. ಕರ್ನಾಟಕ ಹತ್ತನೇ ತರಗತಿಯವರೆಗೂ ಹಾಕುತ್ತಿದೆ. ಇದನ್ನು ಮೆಚ್ಚಿಕೊಂಡೇ ಮುಂದಿನ ಮಾತು.

ಆ ಕಾಯ್ದೆಯಡಿ ಬಂದ 2015ರ ಬಿಸಿಯೂಟ ನಿಯಮಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಅಂಶವಿದೆ. ಬಿದ್ದದ್ದು ತಡವಾಗಿ, ನಿವೃತ್ತಿಗೆ ಎರಡು ವರ್ಷ ಇರುವಾಗ. ಶಾಲೆ ನಡೆಯುವ ದಿನ ಊಟ ಕೊಡಲಾಗದಿದ್ದರೆ ಆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು, ಮುಂದಿನ ತಿಂಗಳ 15ರೊಳಗೆ. ಸತತ 3 ದಿನ ಅಥವಾ ತಿಂಗಳಲ್ಲಿ 5 ದಿನ ಊಟ ತಪ್ಪಿದರೆ ಹೊಣೆ ಯಾರದ್ದೆಂದು ರಾಜ್ಯ ಸರ್ಕಾರ ಗೊತ್ತುಮಾಡಿ ಕ್ರಮ ಕೈಗೊಳ್ಳಬೇಕು. ಬೀಗರೂಟದ ಅಳಿಯ ಕೇಳಿದ ಪ್ರಶ್ನೆಗೆ ಕಾನೂನು ಎಂದೋ ಉತ್ತರ ಕೊಟ್ಟಾಗಿದೆ. ನನ್ನ ಸೇವೆಯಲ್ಲಿ ಆ ಭತ್ಯೆ ಒಂದು ಮಗುವಿಗೂ ಬಂದದ್ದನ್ನು ನಾನು ನೋಡಲಿಲ್ಲ. ಏಕೆ ಬರಲಿಲ್ಲ ಎಂಬುದು ನನ್ನ ಕಥೆಯೂ ಹೌದು.

ಶಾಲೆಯಲ್ಲಿ 86 ಮಕ್ಕಳು. ನಿಯಮದ ಪ್ರಕಾರ ಇಬ್ಬರು ಅಡುಗೆಯವರು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರಲ್ಲೊಬ್ಬರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ತರಗತಿಯ ಬಾಗಿಲಲ್ಲಿ ನಿಂತರೆ ನನಗೆ ಅರ್ಥವಾಗುತ್ತಿತ್ತು. "ಸರ್, ಉರಿ ಕೆಂಪಗಾಗಿದೆ." ಗ್ಯಾಸ್ ಮುಗಿಯುತ್ತಾ ಬಂದಿದೆ ಎಂದು ಅರ್ಥ. ಅಡುಗೆಯ ಚಿಲ್ಲರೆ ಖರ್ಚಿಗೆ ಬರಬೇಕಾದ ಸಾದಿಲ್ವಾರು ಹಣ ಮೂರು ತಿಂಗಳಿಂದ ಬಂದಿರುತ್ತಿರಲಿಲ್ಲ. ಶಾಲೆಯ ಬೇರೆ ನಿಧಿಯಿಂದ ಸದ್ಯಕ್ಕೆ ಬಳಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ, ಆದರೆ ಒಮ್ಮೆ ನೋಡಿದಾಗ ಆ ನಿಧಿಯಲ್ಲಿ ಇದ್ದದ್ದು 412 ರೂಪಾಯಿ. ಮನೆಯ ಸಿಲಿಂಡರನ್ನು ಟಿವಿಎಸ್ ಮೇಲೆ ಕಟ್ಟಿಕೊಂಡು ತಂದೆ. ಅಂದು ನನ್ನ ಹೆಂಡತಿ ಏನೆಂದಳು ಎಂಬುದನ್ನು ಇಲ್ಲಿ ಬರೆಯಲಾರೆ.

ಮೊಟ್ಟೆಯದೂ ಅದೇ ಹಾಡು. ಒಂದಕ್ಕೆ 6 ರೂಪಾಯಿ ಎಂದು ದರ ಕಟ್ಟಿದ್ದರು. ಬೇಯಿಸುವ, ಸುಲಿಯುವ ಖರ್ಚೂ ಅದರೊಳಗೇ. ಚಳಿಗಾಲದಲ್ಲಿ ನಮ್ಮೂರಿನ ಅಂಗಡಿಯಲ್ಲಿ ಮೊಟ್ಟೆ ಒಂದಕ್ಕೇ ಆರೂವರೆ. 86 ಮಕ್ಕಳಲ್ಲಿ ಮೊಟ್ಟೆ ತಿನ್ನುವವರು ಎಷ್ಟು, ಬಾಳೆಹಣ್ಣಿನವರು ಎಷ್ಟು, ವಾರಕ್ಕೆ ಎಷ್ಟು ಹಣ ಕೈಯಿಂದ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ಕುಳಿತರೆ ಗಣಿತದ ಪಾಠ ಹಿಂದೆ ಬೀಳುತ್ತಿತ್ತು. ಅಂಗಡಿಯವನು ಸಾಲ ಕೊಡುತ್ತಿದ್ದ, ನನ್ನ ಹೆಸರಿಗೆ. ಅವನ ಪುಸ್ತಕದಲ್ಲಿ ಸರ್ಕಾರದ ಹೆಸರು ಎಲ್ಲೂ ಇರಲಿಲ್ಲ.

ಹೀಗೆ ಹೊಣೆ ಎಂಬುದು ದೆಹಲಿಯಿಂದ ಹೊರಟು ಬೆಂಗಳೂರು, ಜಿಲ್ಲೆ, ತಾಲ್ಲೂಕು ಎಂದು ಇಳಿಯುತ್ತಾ ನನ್ನ ಟಿವಿಎಸ್ ಸೀಟಿಗೆ ಬಂದು ಕುಳಿತಿತ್ತು. ನಾನು ಅಲ್ಲಿಗೆ ನಿಲ್ಲಿಸಿದೆನೇ? ಇಲ್ಲ, ಇನ್ನೂ ಒಂದು ಮೆಟ್ಟಿಲು ಕೆಳಗೆ ತಳ್ಳಿದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ.

ಹಳೆಯ ಮುಖ್ಯ ಅಡುಗೆಯವರು ಬಿಟ್ಟುಹೋದಾಗ ಸಹಾಯಕಿಯಾಗಿದ್ದಾಕೆ ಆ ಜಾಗಕ್ಕೆ ಬಂದರು. ದಲಿತ ಕೇರಿಯವರು. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಊರಿನ ಮೂವರು ಹಿರಿಯರು ಸಂಜೆ ನನ್ನ ಮನೆಗೆ ಬಂದರು. ಕಾಫಿ ಕುಡಿದರು, ಮಳೆ ಬೆಳೆ ವಿಚಾರಿಸಿದರು. ಆಮೇಲೆ ಒಬ್ಬರು ಬಹಳ ಮೆತ್ತಗೆ ಹೇಳಿದರು: "ಮೇಷ್ಟ್ರೇ, ಆಕೆ ಒಳ್ಳೆಯ ಹೆಂಗಸು, ನಾವೇನೂ ಅನ್ನುವುದಿಲ್ಲ. ಒಗ್ಗರಣೆ ಮಾತ್ರ ಇನ್ನೊಬ್ಬರ ಕೈಯಲ್ಲಿ ಹಾಕಿಸಿಬಿಡಿ." ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಹಾಜರಾತಿ ಬೀಳುತ್ತದೆ, ಶಾಲೆ ಮುಚ್ಚುವ ಪಟ್ಟಿಗೆ ಸೇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಆಕೆಯನ್ನು ಕರೆದು ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ನೋಡಿಕೊಳ್ಳಿ ಎಂದೆ. ಆಕೆ ಏಕೆ ಎಂದು ಕೇಳಲಿಲ್ಲ. "ಆಗಲಿ ಸರ್" ಎಂದರು.

ಎರಡು ವರ್ಷ ಹಾಗೆಯೇ ನಡೆಯಿತು. ದಾಖಲೆಯಲ್ಲಿ ಮುಖ್ಯ ಅಡುಗೆಯವರು, ಅಂಗಳದಲ್ಲಿ ಪಾತ್ರೆ ತಿಕ್ಕುವವರು. ಸಿಗುತ್ತಿದ್ದದ್ದಾದರೂ ಎಷ್ಟು? ಕೇಂದ್ರದ ಲೆಕ್ಕದಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು, 2009ರಲ್ಲಿ ನಿಗದಿಯಾದದ್ದು. ರಾಜ್ಯ ತನ್ನ ಕಡೆಯಿಂದ ಸೇರಿಸಿ, 2025ರ ಬಜೆಟ್‌ನಲ್ಲಿ 1,000 ಏರಿಸಿದ ಮೇಲೂ ಒಟ್ಟು ಐದು ಸಾವಿರ ಮುಟ್ಟಿಲ್ಲ. ಅದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಧನ ಕಡಿಮೆ ಬಿದ್ದಲ್ಲಿ ಗೌರವ ಸೇರಿಸಿ ಅಳತೆ ಸರಿ ಮಾಡುವುದು ನಮ್ಮ ಪದ್ಧತಿ.

ಆಮೇಲೆ ಇನ್ನೊಬ್ಬ ಅಡುಗೆಯವರು ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹೋದರು. ಬೇರೆ ದಾರಿ ಇರಲಿಲ್ಲ. ಆಕೆಯೇ ಅಡುಗೆ ಮಾಡಿದರು. ಮೊದಲ ವಾರ 11 ಮಕ್ಕಳು ಮನೆಯಿಂದ ಡಬ್ಬಿ ತಂದರು. ನಾಲ್ಕನೇ ವಾರಕ್ಕೆ ಡಬ್ಬಿ ನಾಲ್ಕಾದವು, ಹುಣಸೆ ಕಾಲ ಬಂದು ತಾಯಂದಿರು ಕೂಲಿಗೆ ಹೊರಟ ಮೇಲೆ ಅವೂ ನಿಂತವು. ಇದರಲ್ಲಿ ನನ್ನ ಧೈರ್ಯದ ಪಾಲು ಏನೂ ಇಲ್ಲ. 2025ರಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರ ಇಂಥದೇ ಸುದ್ದಿ, ಪೋಷಕರು ಮಕ್ಕಳ ವರ್ಗಾವಣೆ ಪತ್ರ ತೆಗೆದುಕೊಂಡು ಹೋದ ಸುದ್ದಿ, ಓದಿದಾಗ ಎಲ್ಲರೂ ಆ ಊರನ್ನು ಬೈಯುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ಬಿಹಾರದ ಛಪ್ರಾ ಬಳಿ 2013ರ ಜುಲೈನಲ್ಲಿ ಶಾಲೆಯ ಊಟ ಉಂಡು 23 ಮಕ್ಕಳು ಸತ್ತರು. ಎಣ್ಣೆಗೆ ಕೀಟನಾಶಕ ಸೇರಿತ್ತು. ಶಿಕ್ಷೆಯಾದದ್ದು ಮುಖ್ಯ ಶಿಕ್ಷಕಿಗೆ. ತಪ್ಪಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ನಂತರ ಮಕ್ಕಳಿಗಿಂತ ಮೊದಲು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಊಟ ಕೆಟ್ಟರೆ ಯಾರ ಹೆಸರು ಹುಡುಕುತ್ತಾರೆ ಎಂಬುದು ಗೊತ್ತಿತ್ತು. ಉಪ್ಪು, ಖಾರ, ಬೆಂದಿದೆ, ಸಹಿ.

ಇನ್ನು ದಾನಿಗಳ ಮಾತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು. ಎಂಟು ವರ್ಷದ ಹುಡುಗಿಯೊಬ್ಬಳು ಬಿಳಿಯ ಭಾಗವನ್ನು ಮೊದಲು ತಿಂದು, ಹಳದಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಬೆಲ್ ಹೊಡೆಯುವವರೆಗೆ ಚೂರು ಚೂರಾಗಿ ಮುಗಿಸುವುದನ್ನು ನೋಡಿದವನಿಗೆ ಆ ಕೊಡುಗೆಯ ಬಗ್ಗೆ ಕೊಂಕು ಮಾತು ಹೊರಡುವುದಿಲ್ಲ. ಕೈ ಮುಗಿಯುತ್ತೇನೆ. ಆದರೆ ಒಪ್ಪಂದಕ್ಕೆ ಕೊನೆಯ ದಿನಾಂಕವಿದೆ, ಮಗುವಿನ ಹೊಟ್ಟೆಗೆ ಇಲ್ಲ. "ಮೂಟೆ ಬಂದಿಲ್ಲ" ಎಂಬ ಉತ್ತರವನ್ನು ನಾನು ಒಮ್ಮೆ ಕೇಳಿದ್ದೇನೆ. ನಾಲ್ಕನೇ ವರ್ಷದ ಮೊಟ್ಟೆ ಯಾರದ್ದು ಎಂದು ಇಂದೇ ಕೇಳಿದರೆ ಕೃತಘ್ನತೆ ಆಗುವುದಿಲ್ಲ. ಕೇಳಬೇಕಾದದ್ದು ದಾನಿಯನ್ನಲ್ಲ, ಸರ್ಕಾರವನ್ನು.

ಈಗ ನನ್ನ ಜಾಗದಲ್ಲಿ ಒಬ್ಬರು ಕಿರಿಯ ಶಿಕ್ಷಕಿ ಇದ್ದಾರೆ. ಹೋದ ಗುರುವಾರ ಫೋನ್ ಮಾಡಿದ್ದರು. "ಸರ್, ಗ್ಯಾಸ್ ಮುಗಿದಾಗ ನೀವು ಯಾವ ಲೆಕ್ಕದಲ್ಲಿ ತರುತ್ತಿದ್ದಿರಿ? ಕಡತದಲ್ಲಿ ಎಲ್ಲೂ ಸಿಗುತ್ತಿಲ್ಲ." ಸಿಗುವುದಾದರೂ ಹೇಗೆ? ನನ್ನ ದಾಖಲೆಯಲ್ಲಿ ಊಟ ಒಂದು ದಿನವೂ ತಪ್ಪಿಲ್ಲ, ಹಣ ಒಂದು ದಿನವೂ ತಡವಾಗಿಲ್ಲ. ತಾಲ್ಲೂಕಿನಲ್ಲಿ ಒಳ್ಳೆಯ ಮೇಷ್ಟರು ಎಂಬ ಹೆಸರು ಬಂತು. ನಾನು ಜೇಬಿನಿಂದ ತೆತ್ತ ಪ್ರತಿ ಸಿಲಿಂಡರೂ ಮೇಲಿನವರ ಒಂದೊಂದು ಲೋಪವನ್ನು ಅಳಿಸಿಹಾಕಿತ್ತು ಎಂಬುದು ಆ ಫೋನಿನಲ್ಲಿ ಮಾತಾಡುವಾಗ ಹೊಳೆಯಿತು. 3 ದಿನ ತಪ್ಪಿದರೆ ಹೊಣೆ ಗೊತ್ತುಮಾಡಬೇಕು ಎಂಬ ನಿಯಮ ಹುಡುಕಿಕೊಂಡು ಬರಲು ನಾನು ದಾರಿಯನ್ನೇ ಬಿಟ್ಟಿರಲಿಲ್ಲ.

ಹಾಗೆಂದು ಮಕ್ಕಳನ್ನು ಉಪವಾಸ ಕೂರಿಸಿ ದಾಖಲೆ ಮಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ. "ಸಿಲಿಂಡರ್ ತನ್ನಿ ಅಮ್ಮ" ಎಂದೆ. "ಆದರೆ ಅದೇ ದಿನ ಪತ್ರ ಬರೆಯಿರಿ. ಯಾವ ತಿಂಗಳಿಂದ ಹಣ ಬಂದಿಲ್ಲ, ಇಂದು ಯಾರ ಹಣದಿಂದ ಅನ್ನ ಬೆಂದಿದೆ, ಎಷ್ಟು ಖರ್ಚಾಗಿದೆ, ಎಲ್ಲಾ ಇರಲಿ. ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಿ." ಹಾಗೆ ಬರೆದರೆ ಮೇಲಿನವರು ಗದರುವುದಿಲ್ಲವೇ ಎಂದು ಕೇಳಿದರು. ಗದರುತ್ತಾರೆ ಎಂದೆ. ಸುಳ್ಳು ಹೇಳುವುದು ಏಕೆ?

ನಿನ್ನೆ ಸಂಜೆ ಪತ್ರದ ಫೋಟೋ ಕಳಿಸಿದ್ದಾರೆ. ಮೇಲೆ ಕಚೇರಿಯ ಸೀಲು, ದಿನಾಂಕ. ಕೆಳಗೆ ಎರಡು ಸಹಿ. ಒಂದು ಮುಖ್ಯ ಶಿಕ್ಷಕಿಯದು. ಇನ್ನೊಂದು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಬರೆದದ್ದು, ಪಕ್ಕದಲ್ಲಿ ಬ್ರಾಕೆಟ್ ಹಾಕಿ "ಮುಖ್ಯ ಅಡುಗೆಯವರು" ಎಂದಿದೆ.