ಸತ್ಯಾಂಶ: ನಾಲಿಗೆ ಕೆಳಗಿನ ಮಾತ್ರೆ ಎಚ್‌ಐವಿ ಹರಡುತ್ತಾ?

"ಹೆರಾಯಿನ್ ಬಿಡಿಸ್ತೀವಿ ಅಂತ ಸರ್ಕಾರವೇ ವ್ಯಸನಿಗಳಿಗೆ ಬೇರೆ ಡ್ರಗ್ಸ್ ಹಂಚುತ್ತಿದೆ, ಇದರಿಂದ ಎಚ್‌ಐವಿ ಜಾಸ್ತಿ ಆಗುತ್ತೆ" ಎಂಬ ಫಾರ್ವರ್ಡ್ ಸುತ್ತುತ್ತಿರುತ್ತದೆ. ಮೊದಲರ್ಧದಲ್ಲಿ ಚೂರು ನಿಜವಿದೆ. ಎರಡನೆಯದು ಪೂರ್ತಿ ಉಲ್ಟಾ.

ಕೊಡುವುದು ಬ್ಯುಪ್ರೆನಾರ್ಫಿನ್ ಮಾತ್ರೆ. ಅದೂ ಅಫೀಮಿನ ಗುಂಪಿನ ಔಷಧವೇ, ಮುಚ್ಚಿಡುವಂಥದ್ದೇನಿಲ್ಲ. ಆದರೆ ಸುಮ್ನೆ ಕೈಗೆ ಕೊಟ್ಟು ಕಳಿಸುವುದಿಲ್ಲ. ಸಾಮಾನ್ಯವಾಗಿ ನರ್ಸ್ ಎದುರಲ್ಲೇ ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು, ಕರಗುವವರೆಗೂ ಕೂತಿರಬೇಕು. ಹೊರಗೆ ಹೋಗಿ ಮಾರಿಬಿಟ್ಟರೆ ಕಷ್ಟ ಅಲ್ವಾ?

ಹೆರಾಯಿನ್ ಅಮಲು ಇಳಿದ ಕೆಲವೇ ಗಂಟೆಗಳಲ್ಲಿ ಮೈಕೈ ನೋವು, ವಾಂತಿ, ಭೇದಿ, ನಡುಕ ಶುರುವಾಗುತ್ತವೆ. ಆ ಒದ್ದಾಟದಲ್ಲಿ ಸಿರಿಂಜ್ ಯಾರದ್ದು ಅಂತ ಯಾರು ನೋಡುತ್ತಾರೆ? ಒಬ್ಬರು ಚುಚ್ಚಿಕೊಂಡ ಸೂಜಿಯಲ್ಲಿ ಉಳಿದ ರಕ್ತದಿಂದ ಎಚ್‌ಐವಿ ಇನ್ನೊಬ್ಬರಿಗೆ ಹೋಗಬಹುದು. ಮಾತ್ರೆಯ ಪರಿಣಾಮ ಸುಮಾರು ಒಂದು ದಿನ ಇರುತ್ತದೆ. ಒದ್ದಾಟ ತಪ್ಪಿದರೆ ಚುಚ್ಚಿಕೊಳ್ಳುವುದೂ ಕಮ್ಮಿ. 2012ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಬದಲಿ ಔಷಧದ ಚಿಕಿತ್ಸೆಯಲ್ಲಿದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು 54% ಕಮ್ಮಿ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಮಣಿಪುರ, ಪಂಜಾಬ್‌ನಂಥ ಕಡೆ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ.

ಕುಡಿತಕ್ಕೋ ಗಾಂಜಾಕ್ಕೋ ಇದು ಮದ್ದಲ್ಲ. ಲೈಂಗಿಕ ಸಂಪರ್ಕದಿಂದ ಬರುವ ಸೋಂಕನ್ನೂ ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು. ಬೇಗ ನಿಲ್ಲಿಸಿದವರು ಮತ್ತೆ ಸೂಜಿಗೆ ಮರಳುವುದು ಜಾಸ್ತಿ, ಹಾಗಾಗಿ ಚಿಕಿತ್ಸೆ ವರ್ಷಗಟ್ಟಲೆ ನಡೆಯಬಹುದು. "ಹದಿನೈದೇ ದಿನದಲ್ಲಿ ಬಿಡಿಸ್ತೀವಿ" ಅನ್ನುವ ಬೋರ್ಡುಗಳನ್ನು ನಾನಂತೂ ನಂಬುವುದಿಲ್ಲ.