ಮಕ್ಕಳ ತಲೆ ಎಣಿಸಿ ಮೇಷ್ಟ್ರನ್ನ ಎತ್ತಂಗಡಿ ಮಾಡೋದು ಸರಿನಾ?

ಪರ

ಸರಿ ಅಂತೀನಿ, ಇನ್ನೂ ಬೇಗ ಮಾಡ್ಬೇಕು. ತಾಲೂಕು ಕೇಂದ್ರದಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ನೋಡಿ, ಮಕ್ಕಳೆಲ್ಲ ಕಾನ್ವೆಂಟ್ ಸೇರಿ ಬೆಂಚು ಖಾಲಿ, ಸ್ಟಾಫ್ ರೂಮು ಮಾತ್ರ ಫುಲ್ಲು. ಅದೇ ತಾಲೂಕಿನ ಕೊನೇ ಊರಲ್ಲಿ ಕಾಯಂ ಟೀಚರ್ ಒಬ್ರೇ, ಮಿಕ್ಕೋರು ಅತಿಥಿ ಶಿಕ್ಷಕರು, ಅವ್ರೂ ಬರೋದು ಶಾಲೆ ಶುರುವಾಗಿ ಎಷ್ಟೋ ದಿನ ಆದ್ಮೇಲೆ. ನನ್ನ ಮಗಳು ಆರನೇ ಕ್ಲಾಸಲ್ಲಿ ಗಣಿತದ ಮೇಷ್ಟ್ರ ಮುಖ ನೋಡಿದ್ದು ದಸರಾ ರಜೆ ಮುಗಿದ ಮೇಲೆ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೇಲೇ ಲೆಕ್ಕ ಇದೆ, ಒಂದರಿಂದ ಐದನೇ ಕ್ಲಾಸಿಗೆ 60 ಮಕ್ಕಳವರೆಗೆ ಇಬ್ರು, 90ರವರೆಗೆ ಮೂವರು ಅಂತ. ಹೊಸ ನೇಮಕಾತಿ ಯಾವ ಕಾಲಕ್ಕೋ, ಇರೋರನ್ನ ಹಂಚಿದ್ರೆ ಈ ವರ್ಷದ ಮಕ್ಕಳಿಗಾದ್ರೂ ಪಾಠ ಸಿಗುತ್ತೆ. ಮೇಷ್ಟ್ರಿಗೆ ಮನೆ ದೂರ ಆಗುತ್ತೆ ನಿಜ, ಪಾಪ ಅನ್ಸುತ್ತೆ, ಆದ್ರೆ ನನ್ನ ಮಗಳಿಗೆ ಆ ನಾಲ್ಕು ತಿಂಗಳು ಯಾರು ವಾಪಸ್ ಕೊಡ್ತಾರೆ?

ವಿರೋಧ

ನಾನು ಶಿರಾ ಕಡೆ ಒಂದು ಹಳ್ಳಿ ಶಾಲೆ ಮೇಷ್ಟ್ರು, ಆ ಲೆಕ್ಕ ನನಗೂ ಬಾಯಿಪಾಠ. 61 ಮಕ್ಕಳಿದ್ರೆ ನಾವು ಮೂವರು. ಒಂದು ಮನೆಯೋರು ಕೂಲಿಗೆ ಅಂತ ಮಕ್ಕಳನ್ನ ಕಟ್ಕೊಂಡು ಬೆಂಗಳೂರಿಗೆ ಹೋದ್ರೆ ಮುಗೀತು, ನಮ್ಮಲ್ಲೊಬ್ರು 'ಹೆಚ್ಚುವರಿ', ಬೇರೆ ಶಾಲೆಗೆ ಎತ್ತಂಗಡಿ. (ಇಪ್ಪತ್ತು ವರ್ಷ ಪಾಠ ಮಾಡಿದೋರಿಗೆ ಎಂಥಾ ಹೆಸರು ನೋಡಿ.) ಉಳಿದ ಇಬ್ರಲ್ಲಿ ಒಬ್ರು ನಲಿಕಲಿ (ಚಿಕ್ಕ ಕ್ಲಾಸಿನ ಮಕ್ಕಳನ್ನ ಒಟ್ಟಿಗೆ ಕೂರಿಸಿ ಆಟದ ಜೊತೆ ಕಲಿಸೋ ಪದ್ಧತಿ) ರೂಮಲ್ಲಿ ಒಂದರಿಂದ ಮೂರನೇ ಕ್ಲಾಸು, ಇನ್ನೊಬ್ರು ನಾಕು-ಐದು, ಪೇಪರ್ ಮೇಲೆ ಚೆನ್ನಾಗೇ ಇದೆ. ಆದ್ರೆ ಅದರಲ್ಲೊಬ್ರು ಹೆಡ್‌ಮಾಸ್ಟ್ರು, ಬಿಸಿಯೂಟದ ಅಕ್ಕಿ ಮೊಟ್ಟೆ ಲೆಕ್ಕ, ಎಸ್‌ಎಟಿಎಸ್ ಅನ್ನೋ ಆನ್‌ಲೈನ್ ವ್ಯವಸ್ಥೇಲಿ ಮಕ್ಕಳ ಮಾಹಿತಿ ಎಂಟ್ರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್ ಮೀಟಿಂಗು ಎಲ್ಲ ಅವ್ರ ತಲೆ ಮೇಲೆ, ಇನ್ನೊಬ್ರಿಗೆ ಬಿಎಲ್‌ಒ ಡ್ಯೂಟಿ (ಮತದಾರರ ಪಟ್ಟಿ ಕೆಲಸ), ಆರ್‌ಟಿಇನಲ್ಲೇ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ನಮ್ಮನ್ನ ಬಳಸ್ಕೋಬಹುದು ಅಂತ ಬಾಗಿಲು ಬಿಟ್ಟಿದಾರಲ್ಲ, ಇಬ್ರಲ್ಲಿ ಒಬ್ರು ಇಂಥ ಕೆಲಸಕ್ಕೆ ಹೋದ ದಿನ ಐದೂ ಕ್ಲಾಸನ್ನ ಒಂದೇ ರೂಮಿಗೆ ಹಾಕಿ ಮಗ್ಗಿ ಹೇಳಿಸ್ತಾ ಕೂರೋದೇ.

ಪೇಟೆ ಶಾಲೇಲಿ ಖಾಲಿ ಕೂತೋರನ್ನ ಕಳಿಸಿ, ಬೇಡ ಅನ್ನಲ್ಲ. ಆದ್ರೆ ಅದೇ ಕಾಯ್ದೇಲಿ ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಖಾಲಿ ಇಡಬಾರದು ಅಂತಾನೂ ಇದೆ, ಆ ಸೆಕ್ಷನ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ, ನೇಮಕಾತಿ ಮಾಡದೆ ಇರೋರನ್ನೇ ಆ ಕಡೆ ಈ ಕಡೆ ತಳ್ಳಾಡೋದು. ಟೀಚರ್ ಕಮ್ಮಿ ಆದ್ರು ಅಂತ ಗೊತ್ತಾದ್ರೆ ಊರಿನೋರು ಸುಮ್ನಿರ್ತಾರಾ, ವ್ಯಾನ್ ಬರೋ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತಾರೆ, ಮುಂದಿನ ವರ್ಷ ತಲೆ ಇನ್ನೂ ಕಮ್ಮಿ. ಹೋದ ಸಲ ನಮ್ಮ ಟೀಚರ್ ರಿಲೀವ್ ಆದ ವಾರದಲ್ಲೇ ಮೂರು ಮನೆಯೋರು ಟಿಸಿ ಕೇಳ್ಕೊಂಡು ಬಂದ್ರು, ಬರ್ಕೊಟ್ಟಿದ್ದು ನಾನೇ.